ತೂಕ ಎತ್ತಬಾರದ ವಾರ

ಸಾಲಗಾಮೆ ರಸ್ತೆಯ ಮೂರನೇ ಮಹಡಿಗಳಿಗೆಲ್ಲ
ಈ ವಾರ ಸಿಲಿಂಡರು ಹೊರುವವನು ಹನೀಫ.
ನಾನು ಚಾಪೆಯ ಮೇಲೆ. ತೊಡೆಸಂದಿಯಲ್ಲಿ
ಟವೆಲು ಸುತ್ತಿದ, ಕಲ್ಲಾದ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು.
"ಇದನ್ನಿನ್ನು ಟೀಗೆ ಹಾಕಲ್ಲ ನಾನು" ಅಂದಳು ದಾಕ್ಷಾಯಿಣಿ.

ಸಣ್ಣ ತೂತು, ಹೊಲಿಗೆಯೂ ಇಲ್ಲ
ಅಂದಿದ್ದರು ದೊಡ್ಡಾಸ್ಪತ್ರೆಯ ಡಾಕ್ಟರು,
ಪಂಕ್ಚರ್ ಅಂಗಡಿಯವನ ಹಾಗೆ.
ನೋವಾಗಲಿಲ್ಲ ಅಂದರೆ ಸುಳ್ಳು.
ಹೊಕ್ಕುಳ ಹಿಂದೆಲ್ಲೋ
ಯಾರೋ ದಾರ ಎಳೆದ ಹಾಗೆ, ಎರಡು ಸಲ.

ಅವಳಿಗೂ ಎರಡು ಸಲ, ಒಂದೇ ಗೆರೆಯ ಮೇಲೆ ಕೊಯ್ದಿದ್ದರು.
ಮುಂದಿನ ಸರದಿ ಯಾರದೆಂದು
ನಮ್ಮಲ್ಲಿ ಮಾತೇ ಆಗಲಿಲ್ಲ.

ಗೋಡೌನಿನಿಂದ ಫೋನು:
"ಏನು ಓಂಕಾರಣ್ಣ, ರೆಗ್ಯುಲೇಟರ್ ಆಫಾ?"
ನಕ್ಕೆ. ನಕ್ಕರೆ ಎಳೆಯುತ್ತಿತ್ತು,
ಕೆಮ್ಮಿದರೂ.

ನಾಲ್ಕನೇ ದಿನಕ್ಕೆ ನೇರಳೆ ಬಣ್ಣ.
ಮಕ್ಕಳನ್ನು ಅಂಗಡಿಗೆ ಕಳಿಸಿ, ಬಾಗಿಲು ಹಾಕಿ,
ಮೊಬೈಲಿನ ಬೆಳಕು ಹಿಡಿದು ನೋಡಿದಳು,
ಸೊಪ್ಪಿನಲ್ಲಿ ಹುಳ ಹುಡುಕುವವಳ ಗಾಂಭೀರ್ಯದಲ್ಲಿ.
ರಾತ್ರಿ ಮೆಣಸು, ಬೆಳ್ಳುಳ್ಳಿ, ತುಪ್ಪದ ಬಿಸಿ ಅನ್ನ.
"ಬಾಣಂತಿ ಊಟ ಕಣ್ರೀ ಇದು.
ತಿಂದು ಸುಮ್ಮನೆ ಮಲಗಿ."

ಒಂಬತ್ತನೇ ರಾತ್ರಿ, ಮಕ್ಕಳ ಉಸಿರು ಭಾರವಾದ ಮೇಲೆ
ಅವಳ ಕಾಲು ನನ್ನ ಕಾಲ ಮೇಲೆ ಬಂತು.
ಆಸೆಗಿಂತ ಮೊದಲು ಎದ್ದು ಕೂತದ್ದು ಭಯ:
ಏನೋ ಹರಿದರೆ? ಏನೂ ಆಗದಿದ್ದರೆ?
"ನೋವಾದರೆ ಹೇಳಿ" ಅಂದಳು, ಕೈ ನಿಲ್ಲಿಸಿ.

ಈ ಮಾತು ಅವಳಿಗೆ ನಾನು ಯಾವಾಗ ಹೇಳಿದ್ದೆ?
ಎರಡನೇ ಹೆರಿಗೆ ಆಗಿ ಇನ್ನೂ ತಿಂಗಳೂ ಮುಗಿದಿರಲಿಲ್ಲ.
ಗೋಡೆಯ ಕಡೆ ತಿರುಗಿದ್ದಳು.
ನಾನು ಅದನ್ನು ನಾಚಿಕೆ ಅಂದುಕೊಂಡಿದ್ದೆ.

ನಿಧಾನಕ್ಕೆ.
ಎಲ್ಲ ಇದ್ದ ಹಾಗೇ ಇತ್ತು, ಬಿಸಿಯೂ ಬೆವರೂ.
ಕೊನೆಯಲ್ಲಿ ಒಂದಿಷ್ಟು ಚುಳುಕು, ಅಷ್ಟೆ.
ಅವಳಿಗೆ ಹೇಳಿದೆ. ಕೂದಲಲ್ಲಿ ಕೈಯಾಡಿಸಿದಳು.

ಸಕ್ಕರೆ ಡಬ್ಬಿಯ ಹಿಂದಿನ ನಿರೋಧ್ ಇನ್ನೂ ಅಲ್ಲೇ ಇರಬೇಕು,
ಮೂರು ತಿಂಗಳು, ಲ್ಯಾಬಿನ ಚೀಟಿ ಬರೋವರೆಗೆ.
ಹಳೆಯದು ಪೈಪಿನಲ್ಲಿ ಉಳಿದಿರುತ್ತದಂತೆ.
ನನಗೇನು ಹೊಸದಲ್ಲ ಬಿಡಿ.
ವಾಲ್ವು ಮುಚ್ಚಿದ ಮೇಲೂ ಸೋಪಿನ ನೀರು ಹಚ್ಚಿ
ಗುಳ್ಳೆ ಏಳುತ್ತದಾ ಅಂತ ಕಾಯುವವನು ನಾನು.

ಮತ್ತೆ ಡ್ಯೂಟಿ. ಹೊಸಲೈನ್, ಎರಡನೇ ಮಹಡಿ.
ಇಳಿಸುವಾಗ ತುಸು ಬಗ್ಗಿ, ತುಸು ನಿಂತೆ.
"ಹತ್ತು ದಿನ ಕಾಣಲೇ ಇಲ್ಲವಲ್ಲಪ್ಪ?"
ಬಾಯಿಂದ ಬಂದೇಬಿಟ್ಟಿತು:
"ಮನೇಲಿ ಬಾಣಂತನ ಇತ್ತಮ್ಮ."
"ಅಯ್ಯೋ ಸಿಹಿ ಎಲ್ಲಿ? ಗಂಡೋ, ಹೆಣ್ಣೋ?"

ಖಾಲಿ ಸಿಲಿಂಡರು ಹೆಗಲಿಗೇರಿಸಿ
ಮೆಟ್ಟಿಲಿಳಿಯುತ್ತ ಇನ್ನೂ ಯೋಚಿಸುತ್ತಿದ್ದೇನೆ.