ಕೆಂಪು ರಟ್ಟಿನ ಪುಸ್ತಕ

ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ನಾನು
ಪುಸ್ತಕ ಬರೆಯುವವಳು.
ಹಾಜರಿ, ಬಟವಾಡೆ, ಬಂದ ಚೀಲ, ಹೋದ ಡಬ್ಬಿ.
ಅಕ್ಷರ ದುಂಡಗಿದೆ ಅಂತ ಕೊಟ್ಟ ಕೆಲಸ.
ನನಗಿಂತ ಮುಂಚೆ ಬರೆಯುತ್ತಿದ್ದ ರುದ್ರಮುನಿಯ ಅಕ್ಷರ
ಕೋಳಿ ಕೆದರಿದ ತಿಪ್ಪೆ.
ಅವನ ಸಂಬಳ ಹದಿನಾಲ್ಕು ಸಾವಿರ, ನನ್ನದು ಒಂಬತ್ತು.
ಅದನ್ನೂ ದುಂಡಗೇ ಬರೆದಿದ್ದೇನೆ.

ಮೇಜಿನ ಖಾನೆಯಲ್ಲಿ ಎರಡು ಪುಸ್ತಕ.
ನೀಲಿ ರಟ್ಟಿನದು ಲೇಬರ್ ಆಫೀಸಿನವರು ಬಂದಾಗ ತೆಗೆಯೋದಕ್ಕೆ.
ಅದರಲ್ಲಿ ಎಲ್ಲರಿಗೂ ಒಂದೇ ಕೂಲಿ,
ಭಾನುವಾರ ರಜೆ, ಹೆರಿಗೆಗೆ ಆರು ತಿಂಗಳು,
ಬಾಗಿಲಿಗೆ ಚಿಲಕವಿರುವ ಪಾಯಖಾನೆ.
ಹೋಗಿ ಆ ಪುಸ್ತಕದೊಳಗೇ ಇದ್ದುಬಿಡೋಣ ಅನಿಸುತ್ತದೆ ಒಮ್ಮೊಮ್ಮೆ,
ಅಂಥಾ ಒಳ್ಳೇ ಊರು ಅದು.

ಕೆಂಪು ರಟ್ಟಿನದು ನಿಜದ್ದು.
ನಡುವೆ ಗೆರೆ ಎಳೆದು ಎರಡು ಕಲಂ:
ಗಂಡಾಳು, ಐನೂರೈವತ್ತು.
ಹೆಣ್ಣಾಳು, ಮುನ್ನೂರು.

ಆಳು ಅಂದರೆ ಕೂಲಿ ಮಾಡುವವರು,
ಆಳು ಅಂದರೆ ದೊರೆತನ ಮಾಡು ಅಂತಲೂ.
ಏಳನೇ ಕ್ಲಾಸಿನಲ್ಲಿ ನಾನಾರ್ಥ ಬರೆಸಿದ್ದರು ಮೇಷ್ಟ್ರು.
ಮೂರನೆಯದೊಂದಿದೆ, ಬಾವಿಗಿಳಿದವರಿಗೆ ಗೊತ್ತು:
ಎರಡಾಳು ನೀರು, ಮೂರಾಳು ನೀರು.
ಆ ಅಳತೆಯಲ್ಲಿ ಗಂಡಾಳು ಹೆಣ್ಣಾಳು ಅಂತಿಲ್ಲ.
ಮುಳುಗೋ ಲೆಕ್ಕ ಮಾತ್ರ ಎಲ್ಲರಿಗೂ ಸಮ.

ಮೂವತ್ತೊಂದು ಹೆಂಗಸರು ಶೇಂಗಾ ಹಸನು ಮಾಡುತ್ತಾರೆ.
ಜೊಳ್ಳು ಬೇರೆ, ಬೂಷ್ಟು ಬೇರೆ, ಒಡೆದದ್ದು ಬೇರೆ.
"ಗಂಡಸರು ಚೀಲ ಹೊರ್ತಾರೆ,
ಇವರು ಕುಂತ್ಕಂಡು ಮಾತಾಡ್ತಾರೆ," ಅನ್ನುವುದು ಸಾವ್ಕಾರರ ನ್ಯಾಯ.

ಹಮಾಲರು ಬಾರದ ಒಂದು ಗುರುವಾರ
ಲಾರಿ ನಿಂತಿತ್ತು, ಹಾರನ್ ನಿಲ್ಲಲಿಲ್ಲ.
ಪಾಲಮ್ಮ, ಸಣ್ಣ ಬೋರಕ್ಕ, ದುರುಗವ್ವ
ಸೆರಗು ಸುತ್ತಿ ಸಿಂಬೆ ಮಾಡಿ
ನೂರಾ ಎಂಬತ್ತು ಚೀಲ ಹೊತ್ತರು.
ಕಾಟಾ ಚೀಲವನ್ನು ತೂಗಿತು,
ಹೊತ್ತವರು ಉಟ್ಟಿದ್ದು ಸೀರೆಯೋ ಲುಂಗಿಯೋ ಕೇಳಲಿಲ್ಲ.
ಸಂಜೆ, ಯಾವ ಕಲಮಿಗೆ ಬರೀಲಿ ಅಂದೆ.
"ಹೆಣ್ಣಾಳೇ ಅಲ್ವೇನಮ್ಮ?"
ಫೋನಿನಿಂದ ಕಣ್ಣೆತ್ತಲಿಲ್ಲ ಅವರು.
ಕೆಟ್ಟವರಲ್ಲ.
ನನ್ನ ತಂಗಿ ಮದುವೆಗೆ ಎರಡು ಡಬ್ಬಿ ಎಣ್ಣೆ ಕಳಿಸಿದ್ದರು.
ನನ್ನ ಸಾಲದ ಪುಟದಲ್ಲಿದೆ ಅದು.

ಶಮೀಮ್‌ಬಿಗೆ ಏಳು ತುಂಬಿದಾಗ
ಕೆಂಪು ಪುಸ್ತಕದಲ್ಲಿ ಅವಳ ಹೆಸರು ಹೊಡೆದುಹಾಕು ಅಂದರು.
ಸ್ಕೇಲ್ ಇಟ್ಟು ನೆಟ್ಟಗೆ ಗೆರೆ ಎಳೆದೆ.
ನೀಲಿಯಲ್ಲಿ ಅವಳಿಗಿನ್ನೂ ರಜೆ, ಪೂರಾ ಸಂಬಳ,
ತಿಂಗಳಿಗೊಂದು ಸಹಿ.
ಆರೂ ಸಹಿ ನಾನೇ ಮಾಡಿದ್ದೇನೆ,
ಅವಳ ಉರ್ದು ಅಕ್ಷರದ ಓರೆ ಕಲಿತು.

ಮೊನ್ನೆ ಅವಳು ಗೇಟಿನ ಹೊರಗೆ ಕೂಸನ್ನೆತ್ತಿಕೊಂಡು ನಿಂತಿದ್ದಳು.
ಕೆಲಸ ಕೇಳಲಿಲ್ಲ.
"ಹೆಂಗಿದೀಯಕ್ಕ," ಅಂದಳು ಅಷ್ಟೇ.

ಮಂಗಳವಾರ ದುರ್ಗದ ಬಸ್ಸು.
ಟಿಕೆಟ್ ಸೊನ್ನೆ ರೂಪಾಯಿ,
ಹೆಂಗಸು ಅಂತ ನನಗೆ ಲಾಭವಾದ ಲೆಕ್ಕ ಇದೊಂದೇ.
ಪಕ್ಕದಲ್ಲಿ ಪಾಲಮ್ಮ, ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಪುಸ್ತಕ.
ಎಣ್ಣೆ ವಾಸನೆಗೆ ಮುಂದಿನ ಸೀಟಿನ ಹುಡುಗಿ ಕಿಟಕಿ ತೆಗೆದಳು.
ದೂರದ ಗುಡ್ಡದ ಮೇಲೆ ಗಾಳಿಯಂತ್ರ,
ಕೆಲವು ತಿರುಗುತ್ತಿದ್ದವು, ಕೆಲವು ಸುಮ್ಮನಿದ್ದವು,
ಗಾಳಿ ಒಂದೇ ಆದರೂ.

ಹೋದ ವರ್ಷ ನೀಲಿ ಪುಸ್ತಕಕ್ಕೆ ರುಜು ಹಾಕಿದ ಸಾಹೇಬರೇ
ಇಲ್ಲೂ ಕುರ್ಚಿಯಲ್ಲಿದ್ದರು.
ಕೆಂಪು ರಟ್ಟು ತೆರೆದು ಬಹಳ ಹೊತ್ತು ನೋಡಿದರು.
"ಇದು ನಿಮ್ಮ ಅಕ್ಷರಾನಾ?"
ಹೌದು ಸಾರ್.
"ಅದೂ?"
ಅದೂ ನನ್ನದೇ.
"ಹಂಗಾದ್ರೆ ಸುಳ್ಳು ಲೆಕ್ಕ ಬರೆದಿದ್ದಕ್ಕೆ
ನಿಮ್ಮ ಹೆಸರೂ ಬರುತ್ತಲ್ಲಮ್ಮ."
ಪಾಲಮ್ಮ ನನ್ನ ಮೊಣಕೈ ಹಿಡಿದಳು,
ಶೇಂಗಾ ಆರಿಸಿ ಉಗುರು ಸವೆದ ಕೈ.

ಬರ್ಕೊಳ್ಳಿ ಸಾರ್, ಅಂದೆ.

ಅವರ ಪೆನ್ನು ಮೂಡಲಿಲ್ಲ.
ನನ್ನದು ಕೊಟ್ಟೆ.