ಇಲ್ಲಿ ಒತ್ತಿ

ಡೊಂಬಿವಲಿ ಪೂರ್ವ. ಹಿಟ್ಟಿನ ಗಿರಣಿಯ ಮೇಲೆ
ನಮ್ಮ ಸಂಘದ ಕೋಣೆ. ಕೀಲಿಮಣೆಗೆ
ದಿನಾ ಒಂದು ಪದರ ಗೋಧಿ.
ಒರೆಸಿ ಕೂರುತ್ತೇನೆ, ಸಂಜೆ ಐದಕ್ಕೆ,
ಒತ್ತಕ್ಷರ ಕಳೆದುಕೊಳ್ಳಲು.

ಹೌದು, ತಿನ್ನುತ್ತದೆ. ಬರೆದದ್ದನ್ನು ಉಳಿಸು ಅಂದರೆ
ಬುಡದಲ್ಲಿ ಕೂತದ್ದನ್ನೆಲ್ಲ ಚಪ್ಪರಿಸಿ
ಮೇಲಿನದನ್ನಷ್ಟೇ ಉಳಿಸುತ್ತದೆ.
ಹಳ್ಳಿ ಬರೆದರೆ ಹಳಿ.
(ಇರಲಿ, ಈ ಊರಲ್ಲಿ ಅದೇ ಹೆಚ್ಚು.)
ಕತ್ತೆ ಬರೆದರೆ ಕತೆ.
‘ಇಲ್ಲಿ ಒತ್ತಿ’ ಎಂಬ ಗುಂಡಿಯ ಮೇಲೆ
ಐದು ವರ್ಷದಿಂದ ಒಂದು ಇಲಿ ಕೂತಿದೆ.

ಪುಣೆಯ ಟಿಲ್ಲು ಅವರಿಗೆ ಮೊದಲ ಪತ್ರ ಬರೆದಾಗ
ನನ್ನ ಮೊಣಕಾಲು ಇನ್ನೂ ನನ್ನದೇ ಆಗಿತ್ತು.
‘ಮುಂದಿನ ಆವೃತ್ತಿಯಲ್ಲಿ’ ಅಂದರು.
ಮೊಣಕಾಲು ಬದಲಾಯಿತು, ಉಕ್ಕಿನದು,
ಹೇಳಿದ ದಿನಕ್ಕೇ ಕೂರಿಸಿದರು.
ಗಿರಣಿಯವನ ಮಗಳಿಗೆ ಮದುವೆಯಾಗಿ, ಮಗುವಾಗಿ,
ಆ ಮಗು ಈಗ ತಕ್ಕಡಿ ಹತ್ತಿ
ತನ್ನನ್ನೇ ತೂಗಿಸಿಕೊಳ್ಳುತ್ತದೆ.
ಆವೃತ್ತಿ ಅದೇ.

ಟಿಲ್ಲು ಕೆಟ್ಟವರಲ್ಲ. ದೀಪಾವಳಿಗೆ ಹಾರೈಸುತ್ತಾರೆ.
ಹೊಸದರಲ್ಲಿ ಹಿನ್ನೆಲೆಗೆ ಹದಿನೆಂಟು ಬಣ್ಣವಂತೆ.
‘ಕಾಕೂ, ಮರಾಠಿಯಲ್ಲಿ ಸರಿ ಬರುತ್ತದಲ್ಲ?’
‘ಬರುತ್ತದೆ. ನಿಮ್ಮ ಹೆಸರು ಕನ್ನಡದಲ್ಲಿ ಹಾಕಿ ನೋಡಿ.’
ಬಹಳ ಹೊತ್ತು ಸುಮ್ಮನಿದ್ದರು
ಟಿಲು.

ಸಂಘದ ಹಳೆಯ ಟೈಪ್‌ರೈಟರು ಕಪಾಟಿನ ಮೇಲಿದೆ.
ಒಂದು ಹೆಜ್ಜೆ ಹಿಂದೆ ಸರಿದು ಒತ್ತಿದರೆ
ಒತ್ತು ಬೀಳುತ್ತಿತ್ತು, ಕಾಗದ ತೂತಾಗುವ ಹಾಗೆ.
ರಿಬ್ಬನ್ನು ಈಗ ಎಲ್ಲೂ ಸಿಗುವುದಿಲ್ಲ,
ಫೋರ್ಟಿನಲ್ಲೂ ಕೇಳಿ ಬಂದೆ.

ಹಾಗಾಗಿ ಕಲಿತೆ, ಒತ್ತಿಲ್ಲದ ಪದ ಆರಿಸುವುದು.
ಕಲ್ಲು ಉಳಿಸಿಕೊಂಡು ಅಕ್ಕಿ ಚೆಲ್ಲುವ ಕೆಲಸ.
‘ಅಲ್ಲಿ’ ಬಿಟ್ಟು ‘ಅಲಿ’ ಹಿಡಿದೆ; ಖಜಾಂಚಿ ಓದಿ
‘ಏನು, ಈ ವಯಸ್ಸಲ್ಲಿ ಕವಿತೆಯಾ?’ ಅಂದರು.

ಕಳೆದ ವಾರ ದೂಮಣ್ಣ ಸಾಲ್ಯಾನ್ ಹೋದರು.
ರಾತ್ರಿಯೇ ಹಾಕಬೇಕಿತ್ತು. ಹೀಗೆ ಹಾಕಿದೆ:

   ದೂಮ ಸಾಲಿಯಾನರು ಶನಿವಾರ ತೀರಿದರು.
   ಊರು ಕಾಪು. ಹದಿನಾರಕೆ ಮುಂಬಯಿಗೆ ಬಂದು
   ಹೋಟೆಲಿನ ಒಲೆಯ ಬಳಿ ನಿಂತರು.
   ಇರುಳು ಶಾಲೆಯಲಿ ಓದಿ, ಅದೇ ಶಾಲೆಯಲಿ ಕಲಿಸಿದರು.
   ನೂಲಿನ ಗಿರಣಿ. ಗಿರಣಿಗೆ ಬೀಗ. ಆಮೇಲೆ ಹಾಲಿನ ಗಾಡಿ.
   ಯಾರ ಸಾಲವೂ ಇರದು.
   ಮಗಳು ಸುಗಂಧಿ ಇರುವಳು.
   ದಿನಾ ಸಂಘದ ಬಾಗಿಲು ತೆರೆದವರು ಅವರು.
   ಬೀಗದ ಕೈ ಈಗ ಯಾರಿಗೆ ಕೊಡುವುದು, ತಿಳಿಯದು.

ಒತ್ತಿದೆ. ಒಂದಕ್ಷರವೂ ಬೀಳಲಿಲ್ಲ.
ಸಾವಿನ ಮನೆಯ ಸುದ್ದಿ, ಆದರೂ
ಒಳಗೊಳಗೇ ಖುಷಿಯಾಯಿತು, ನಾಚಿಕೆಗೇಡು.

ಬೆಳಿಗ್ಗೆ ಸುಗಂಧಿಯ ಫೋನು.
‘ಚೆನ್ನಾಗಿದೆ ಆಂಟಿ. ಅವರು ಮಾತಾಡ್ತಿದ್ದದ್ದೇ ಹಾಗೆ,
ಚಿಕ್ಕ ಚಿಕ್ಕದು.’
ಆಮೇಲೆ, ‘ಒಂದು ಕಡೆಯಾದರೂ
ಅಪ್ಪ ಅಂತ ಬರೀಬಹುದಿತ್ತು.’

ಏನು ಹೇಳಲಿ.
ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜಿ,
ಯಾರೂ ಈ ಕಡೆಗೆ ದಾಟುವುದಿಲ್ಲ ಮಗಳೇ.
ಮಾವ ಬರುತ್ತಾನೆ.
ಕನ್ನಡವೂ ಬರುವುದಿಲ್ಲ.

ಟಿಲ್ಲು ಅವರಿಗೆ ಇದು ಹದಿನೇಳನೆಯ ಪತ್ರ.
ಹದಿನೆಂಟು ಬಣ್ಣ ನೀವೇ ಇಟ್ಟುಕೊಳ್ಳಿ.
ನನಗೆ ಒಂದು ಪ ಬೇಕು,
ಅದರ ಕೆಳಗೆ ಇನ್ನೊಂದು.

ಕೆಳಗೆ ಗಿರಣಿ ಶುರುವಾಗಿದೆ, ಮೇಜು ನಡುಗುತ್ತಿದೆ.
ಪರದೆಯ ಮೇಲೆ ಆಗಲೇ ತೆಳ್ಳಗೆ ಹಿಟ್ಟು.
ಬೆರಳಿನಿಂದ ಅದರಲ್ಲೇ ಬರೆದು ನೋಡಿದೆ.
ಬಂತು,
ಸ್ವಲ್ಪ ಸೊಟ್ಟ.