ಹಡಗುಕಟ್ಟೆಯಲ್ಲಿ, ಬಜೆಟ್ಟಿನ ಮರುದಿನ

ಸಂಜೆಯ ಹಡಗಿಗೆ ಇನ್ನೂ ನಲವತ್ತು ನಿಮಿಷ.
ಗಾಜಿನಾಚೆ ಬಾಲ್ಟಿಕ್ ಕಡಲು, ಡಿಸೆಂಬರಿನ ಬೂದಿ;
ಮೂರೂವರೆಗೇ ಕತ್ತಲು.
ಬೆಂಚಿನ ಆ ತುದಿಗೆ ಹೆಲ್ದುರ್,
ಕಾಲ ಬಳಿ ಖಾಲಿ ಮೀನಿನ ಡಬ್ಬ ಮೂರು,
ನನ್ನ ಮುಖ ನೋಡುತ್ತಿಲ್ಲ.

"ನೀನೂ ಹೌದು ಅಂದೆಯಂತೆ, ವಿರ್ವೆ."

ಅಂದೆ.
ತಾಲಿನ್ನಿನ ಗುಡ್ಡದ ಮೇಲಿನ ಸಭೆಯಲ್ಲಿ
ರಾತ್ರಿ ಹನ್ನೊಂದು ಹತ್ತಕ್ಕೆ
ಗುಂಡಿ ಒತ್ತಿದ್ದು ಇದೇ ಬೆರಳು,
ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಸೌಟು ಹಿಡಿದು ಸೊಟ್ಟಗಾದದ್ದು.

ನಿನಗೆ ನೆನಪಿರಬೇಕು,
ನೂರ ಹದಿನಾಲ್ಕು ಬಟ್ಟಲು, ಒಂದೇ ಹಂಡೆ ಬಟಾಣಿ ಸಾರು.
ಮೊದಲು ಬಂದವರಿಗೆ ತಳದಿಂದೆತ್ತಿ ಗಟ್ಟಿಯಾಗಿ ಬಡಿಸಿ
ಭೇಷ್ ಅನ್ನಿಸಿಕೊಳ್ಳುವುದು ಏನು ಕಷ್ಟ?
ಸಾಲಿನ ಕೊನೆಯವಳಿಗೆ ಬಿಸಿನೀರು ಬೀಳುತ್ತದೆ, ಅಷ್ಟೆ.
ಕೊನೆಗೆ ನಿಲ್ಲುತ್ತಿದ್ದವಳು ನಿನ್ನ ಪಿರೆಟ್.
ಹಾಗಂತ ಅರ್ಧ ಹಂಡೆ ಉಳಿಸಿ,
ಲೆಕ್ಕ ಸರಿ ಇದೆ ಎಂದು ಬೀಗ ಜಡಿದು ಹೋದ
ಮೇಲ್ವಿಚಾರಕನನ್ನೂ ಕಂಡಿದ್ದೇನೆ.
ಸೋಮವಾರ ಮುಚ್ಚಳ ತೆಗೆದರೆ
ಹಳಸು ನಾತ.

ಓದಿದೆ, ಹೆಲ್ದುರ್, ಆರುನೂರು ಪುಟ;
ಎಲ್ಲ ಅರ್ಥವಾಯಿತೆಂದರೆ ಸುಳ್ಳು.
ಮಂತ್ರಿಗಳಿಗೆ ಹಳೆಯ ಕಾರೇ ಸಾಕು ಎಂದಿದೆ. ಸರಿ.
ಗಾಜಿನ ಹೊಸ ಕಚೇರಿಗೆ ಕತ್ತರಿ. ಅಳುವವರಾರೂ ಇಲ್ಲ.
ಸಾಲ ಸಾಲವನ್ನೇ ಹೆರದಂತೆ ಒಂದು ಗೆರೆ ಎಳೆದಿದೆ,
ಅಳಿಸಿ ಅಳಿಸಿ ಬರೆದ ಗೆರೆ.
ದಾದಿಯರ ಸಂಬಳಕ್ಕೆ ಕೈ ಹಚ್ಚಿಲ್ಲ.
ಪೂರ್ವದ ಗಡಿಗೆ ಧಾರಾಳವಾಗಿ ಕೊಟ್ಟಿದೆ;
ಬೇಡ ಎಂದು ಹೇಗೆ ಹೇಳಲಿ,
ದನದ ಡಬ್ಬಿಯಲ್ಲಿ ಸೈಬೀರಿಯಾಕ್ಕೆ ಹೋಗಿ
ಮಾತು ಅಲ್ಲೇ ಬಿಟ್ಟು ಬಂದ ಅಜ್ಜಿಯ ಮೊಮ್ಮಗಳು ನಾನು?
ಮತ್ತೆ ಒಂದು ಪುಟದ ನಡುವೆ, ಇರುವೆಯಂಥ ಅಕ್ಷರದಲ್ಲಿ,
ನಮ್ಮ ದ್ವೀಪದ ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ, ಎರಡು.
ಅದರ ಕೆಳಗೇ
ನಮ್ಮ ಎರಡನೆಯ ಹಡಗು: ಮುಂದೂಡಲಾಗಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಹಾಸಿಗೆಯಲ್ಲಿರುವುದು ಬೆಳೆಯುವ ಮಗುವಾದರೆ?
ಕಾಲು ಮಡಚಿ ಕಟ್ಟುವವರ ಜೊತೆ ನಾನಿಲ್ಲ.
ಪಕ್ಕದ ಮನೆಯ ಹಾಸಿಗೆ ಎಳೆದು ತಂದು
ಬಾಡಿಗೆಯನ್ನು ಮಗುವಿನ ಹೆಸರಿಗೇ ಬರೆಸುವವರ ಜೊತೆಗೂ ಇಲ್ಲ.
ಹಳೆಯ ಕೋಟು ಬಿಚ್ಚಿ, ಒಂದು ಗೇಣು ಹೊಲಿದು ಸೇರಿಸುವುದು,
ನನಗೆ ಬರುವ ರಾಜಕೀಯ ಇಷ್ಟೇ.
ಹೊಲಿಗೆ ಕಾಣುತ್ತದೆ. ಕಾಣಲಿ.

ಹೆಲ್ದುರ್ ಕೆಮ್ಮಿದ.
"ಬೆಳಗಿನ ಹಡಗಲ್ಲಿ ಜಾಗ ಸಿಗದೆ ನಿನ್ನೆ
ಹೊಗೆಯಾಡಿಸಿದ ಮೀನು ಎರಡು ಡಬ್ಬ ಹಾಗೇ ಉಳಿಯಿತು.
ಅದನ್ನು ಯಾವ ಪುಟದಲ್ಲಿ ಬರೆದಿದ್ದೀರಿ?"

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.
ಗುಂಡಿ ಒತ್ತುವಾಗ ಆ ಮೀನಿನ ವಾಸನೆ ಬಂದಿತ್ತು ಎಂದರೆ
ನಂಬುತ್ತಾನೆಯೇ?
ಪಕ್ಕದ ಕುರ್ಚಿಯವ ನಗುತ್ತಾ ಒತ್ತಿದ;
ನಾನು ನಗಲಿಲ್ಲ ಎಂಬುದು
ಯಾವ ನಡಾವಳಿಯಲ್ಲೂ ದಾಖಲಾಗಿಲ್ಲ.

ದೂರದಲ್ಲಿ ದೀಪ.
ಒಂದೇ ಹಡಗಿನದು.
ಅವನು ಥರ್ಮಾಸಿನ ಕಾಫಿಯನ್ನು ಮುಚ್ಚಳಕ್ಕೆ ಸುರಿದ,
ಅರ್ಧ ಕುಡಿದ,
ಉಳಿದರ್ಧವನ್ನು ಬೆಂಚಿನ ಮೇಲೆ
ನಮ್ಮಿಬ್ಬರ ನಡುವೆ ಇಟ್ಟು ಎದ್ದ.

"ಬರುವ ವರ್ಷ ಮತ್ತೆ ಕೇಳುತ್ತೇನೆ."

ಕೇಳು, ಅಂದೆ.
ಕೇಳದೆ ಬಿಡಬೇಡ.